ನೋಡುವವರೊಬ್ಬರು ಪಕ್ಕದಲ್ಲಿರಲಿ

ತಂಗೀ, ರಿಟೈರ್ ಆದವರಿಗೆ ಬುದ್ಧಿ ಹೇಳುವವರಿಗೆ ನಮ್ಮೂರಲ್ಲಿ ಬರವಿಲ್ಲ. ವಾಕಿಂಗ್ ಹೋಗು, ಯೋಗಕ್ಕೆ ಸೇರು, ಭಜನಾ ಮಂಡಳಿಗೆ ಬಾ, ಮೊಮ್ಮಕ್ಕಳನ್ನು ನೋಡಿಕೋ ಅಂತ ದಿನಕ್ಕೊಬ್ಬರು ಹೇಳುತ್ತಾರೆ. ಎಲ್ಲವೂ ಒಳ್ಳೆಯದೇ. ಆ ಪಟ್ಟಿಗೆ ಇನ್ನೊಂದು ಸೇರಿಸುವುದಕ್ಕೆ ನಾನು ಬರೆಯುತ್ತಿಲ್ಲ. ಬ್ಯಾಂಕಿನ ಕೆಲಸ ಮುಗಿದ ಮೇಲೆ ಆಸೆಪಟ್ಟು ಬಣ್ಣದ ಪೆಟ್ಟಿಗೆ ಕೊಂಡೆ, ಆಮೇಲೆ ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟುಬಿಟ್ಟೆ ಅಂತ ನೀನು ಅಂದೆ. "ಅಕ್ಕಾ, ಅದೆಲ್ಲ ಚಿಕ್ಕಂದಿನಿಂದ ಕಲಿತವರಿಗೆ, ನಮ್ಮ ಕೈಗೆ ಈಗೆಲ್ಲಿ ಬರುತ್ತೆ" ಅಂತಲೂ ಅಂದೆ. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಬರುತ್ತೆ. ಅರವತ್ತರ ಕೈಗೂ ಬರುತ್ತೆ. ನಿನ್ನನ್ನು ತಡೆದು ನಿಲ್ಲಿಸಿರುವುದು ನಾಚಿಕೆ. ಇಷ್ಟು ವರ್ಷ ಒಂದು ಪೈಸೆ ಲೆಕ್ಕ ತಪ್ಪದೆ ಕೆಲಸ ಮಾಡಿದವಳಿಗೆ, ತಾನು ಎಳೆದ ಗೆರೆ ವಾರೆಯಾಗುವುದನ್ನು ಕಣ್ಣಾರೆ ನೋಡಲು ಆಗುವುದಿಲ್ಲ. ಚಿಕ್ಕ ಮಕ್ಕಳಿಗೆ ಆ ಕಷ್ಟವಿಲ್ಲ, ಬರೆಯುತ್ತಾರೆ, ಎಸೆಯುತ್ತಾರೆ, ಮತ್ತೆ ಬರೆಯುತ್ತಾರೆ. ದೊಡ್ಡವರ ನಾಚಿಕೆ ಒಬ್ಬಳೇ ಕೋಣೆಯಲ್ಲಿ ಕೂತರೆ ಹೋಗುವಂಥದ್ದಲ್ಲ. ಪಕ್ಕದಲ್ಲಿ ಒಬ್ಬರು ಬೇಕು. ಹೊಗಳುವುದಕ್ಕಲ್ಲ, ನೋಡುವುದಕ್ಕೆ. ಇನ್ನೊಂದು ಬ್ರಷ್ಷು, ಇನ್ನೊಂದು ಟ್ಯೂಬು ಕೊಳ್ಳುವ ಮೊದಲು ಆ ಒಬ್ಬರನ್ನು ಹುಡುಕಿಕೋ.

ನನಗೆ ಸಿಕ್ಕವರು ಶಿವಮೊಗ್ಗದ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಹೆಸರು ಹಾಕಿದರೆ ಮುಜುಗರ ಪಟ್ಟುಕೊಳ್ಳುತ್ತಾರೆ, ಮೇಷ್ಟ್ರು ಅಂತಲೇ ಇರಲಿ. ವಯಸ್ಸಿನಲ್ಲಿ ನನ್ನ ಕೊನೆಯ ತಮ್ಮನಿಗಿಂತಲೂ ಚಿಕ್ಕವರು. ಅವರು ನನ್ನನ್ನು ಅಮ್ಮಾ ಅನ್ನುತ್ತಾರೆ, ನಾನು ಮೇಷ್ಟ್ರೇ ಅನ್ನುತ್ತೇನೆ. ನಾನು ಮನೆಯಲ್ಲಿ ಬರೆದಿದ್ದ ಒಂದು ಹಾಳೆಯನ್ನು ಸುತ್ತಿಕೊಂಡು ಹೋಗಿ ಅವರ ಮುಂದೆ ಇಟ್ಟಾಗ ಅವರು "ಚೆನ್ನಾಗಿದೆ" ಅನ್ನಲಿಲ್ಲ. "ಇನ್ನೂ ಕಲಿಯಬೇಕು" ಅಂತಲೂ ಅನ್ನಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬಲಗಡೆ ಮೂಲೆಗೆ ಬೆರಳಿಟ್ಟು, "ಅಮ್ಮಾ, ಇಲ್ಲಿ ನೀಲಿ ತಾನಾಗಿಯೇ ಬಿಳಿಗೆ ಇಳಿದಿದೆ ನೋಡಿ. ಇಲ್ಲಿ ನೀವು ಕೈ ಹಾಕದೆ ಬಿಟ್ಟಿದ್ದೀರಿ. ಜಲವರ್ಣ ಅಂದರೆ ಇದು. ಈ ಮೂಲೆಯನ್ನೇ ಇಡೀ ಹಾಳೆಯಷ್ಟು ಮಾಡೋಣ" ಅಂದರು.

ಆ ಮೂಲೆ ಎರಡು ಬೆರಳಿನಷ್ಟು ಅಗಲ ಇದ್ದಿರಬಹುದು. ಉಳಿದ ಹಾಳೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ ಅಂತ ಬಸ್ಸಿನಲ್ಲಿ ಭದ್ರಾವತಿಗೆ ವಾಪಸ್ಸು ಬರುವಾಗ ಗೊತ್ತಾಯಿತು. ಎಲ್ಲಿ ಜೀವ ಇದೆ ಅಂತ ಒಬ್ಬರು ಬೆರಳಿಟ್ಟು ತೋರಿಸಿದ ಮೇಲೆ ಕೈ ತಾನಾಗಿ ಆ ಕಡೆ ಹೋಗುತ್ತದೆ. ಬರೀ ಹೊಗಳಿಕೆಗೆ ಆ ಶಕ್ತಿ ಇಲ್ಲ, ಬರೀ ತಪ್ಪು ತೋರಿಸುವುದಕ್ಕೂ ಇಲ್ಲ.

ದೊಡ್ಡವರ ವಿಷಯದಲ್ಲೂ ಹೀಗೇ ಆಗಿದೆ. ರವೀಂದ್ರನಾಥ ಠಾಕೂರರು ಬರೆಯುವಾಗ ಹೊಡೆದುಹಾಕಿದ ಸಾಲುಗಳನ್ನೆಲ್ಲ ಗೆರೆಯಿಂದ ಜೋಡಿಸಿ ಹಕ್ಕಿಯೋ ಮುಖವೋ ಮಾಡುತ್ತಿದ್ದರು. 1924ರಲ್ಲಿ ಅವರು ಕಾಯಿಲೆಬಿದ್ದು ಅರ್ಜೆಂಟೀನಾದಲ್ಲಿ ಉಳಿಯಬೇಕಾಯಿತು. ಆಗ ಅವರನ್ನು ನೋಡಿಕೊಂಡ ವಿಕ್ಟೋರಿಯಾ ಒಕಾಂಪೊ ಎಂಬ ಲೇಖಕಿ 'ಪೂರಬಿ' ಕವಿತೆಗಳ ಹಸ್ತಪ್ರತಿಯಲ್ಲಿ ಆ ಗೀಚುಗಳನ್ನು ಕಂಡು ಬೆರಗಾದರು. ಎಲ್ಲರೂ ಕವಿತೆಯನ್ನು ಓದುತ್ತಿದ್ದ ಪುಟದಲ್ಲಿ ಆಕೆ ಚಿತ್ರವನ್ನು ನೋಡಿದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಚಿತ್ರ ಪ್ರದರ್ಶನ ನಡೆಯಲು ಮುಂದೆ ನಿಂತವರೂ ಆಕೆಯೇ. ಆಗ ಗುರುದೇವರಿಗೆ ಅರವತ್ತೊಂಬತ್ತು. ಅಲ್ಲಿಂದ ಮುಂದಕ್ಕೂ ಅವರು ಬರೆಯುತ್ತಲೇ ಹೋದರು. ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. ನೊಬೆಲ್ ಬಂದ ಕವಿಗೂ ಪಕ್ಕದಲ್ಲಿ ಕೂತು ನೋಡುವ ಒಬ್ಬರು ಬೇಕಾಯಿತು ಅಂದಮೇಲೆ ನಮಗೆ ಬೇಡವೇ?

ನಮ್ಮ ನಾಡಿನದೇ ಬೇಕು ಅಂದರೆ ರುಮಾಲೆ ಚೆನ್ನಬಸವಯ್ಯನವರಿದ್ದಾರೆ. ದೊಡ್ಡಬಳ್ಳಾಪುರದ ಕಡೆಯವರು, 1910ರಲ್ಲಿ ಹುಟ್ಟಿದವರು. ಹರೆಯದಲ್ಲಿ ಚಿತ್ರಕಲೆ ಕಲಿತರೂ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದು ಜೈಲು ಕಂಡರು, ಪತ್ರಿಕೆ ನಡೆಸಿದರು, ಶಾಸಕರೂ ಆದರು. ಬ್ರಷ್ಷು ದಶಕಗಟ್ಟಲೆ ಮೂಲೆ ಸೇರಿತ್ತು. ಐವತ್ತು ದಾಟಿದ ಮೇಲೆ, 1960ರ ದಶಕದಲ್ಲಿ, ರಾಜಕೀಯ ಬಿಟ್ಟು ಮತ್ತೆ ಬಣ್ಣ ಹಿಡಿದರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು, ಕಬ್ಬನ್ ಪಾರ್ಕಿನ, ಲಾಲ್‌ಬಾಗಿನ ಬಿಸಿಲನ್ನು ಅವರು ಜಲವರ್ಣದಲ್ಲೂ ತೈಲವರ್ಣದಲ್ಲೂ ಹಿಡಿದಿಟ್ಟದ್ದು ಆ ವಯಸ್ಸಿನಲ್ಲಿ. ಇಂದು ರುಮಾಲೆ ಅಂದರೆ ಜನಕ್ಕೆ ನೆನಪಾಗುವುದು ಆ ಮರಗಳೇ. ಕೆ. ವೆಂಕಟಪ್ಪನವರ ಸಂಗತಿ ಇನ್ನೊಂದು ಬಗೆಯದು. ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಚಿತ್ರಕಾರ ಅಂತ ಹೆಸರು ಮಾಡಿದ ಮೇಲೂ ಅವರು ವೀಣೆ ಶೇಷಣ್ಣನವರ ಮುಂದೆ ವೀಣೆ ಕಲಿಯಲು ಶಿಷ್ಯನಾಗಿ ಕೂತರು. ಒಂದರಲ್ಲಿ ಪಳಗಿದವರು ಇನ್ನೊಂದರಲ್ಲಿ ಸರಿಗಮದಿಂದ ಶುರು ಮಾಡುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ. ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಒಮ್ಮೆ ಹೋಗಿ ಬಾ. ಊಟಿಯ ಮಂಜು, ಮೋಡ, ಬೆಟ್ಟ ಅವರ ಜಲವರ್ಣದಲ್ಲಿ ಹೇಗಿವೆ ಅಂತ ನೋಡು. ಆಗುಂಬೆ ಕಡೆಯ ಮಳೆ ನೋಡಿ ಬೆಳೆದ ನಮ್ಮಂಥವರಿಗೆ ಆ ಮೋಡ ಹೊಸದಲ್ಲ. ಅದನ್ನು ಹಾಳೆಗೆ ಇಳಿಸಬಹುದು ಅನ್ನುವುದಷ್ಟೇ ಹೊಸದು.

ಗುರು ನಿನಗಿಂತ ಚಿಕ್ಕವರಾಗಿದ್ದರೆ ಹಿಂಜರಿಯಬೇಡ. ನಮ್ಮ ವಯಸ್ಸಿಗೆ ದೊಡ್ಡವರಾದ ಗುರುಗಳು ಎಲ್ಲಿ ಸಿಗುತ್ತಾರೆ ಹೇಳು. ಕಲಿಯುವ ಜಾಗಕ್ಕೆ ವಯಸ್ಸನ್ನು ತೆಗೆದುಕೊಂಡು ಹೋಗಬೇಡ. ಫೀಸು ಎಷ್ಟು ಅಂತ ಮೊದಲ ದಿನವೇ ಕೇಳು, ತಿಂಗಳ ಮೊದಲಲ್ಲೇ ಕೊಡು. ದೊಡ್ಡವರು ಅಂತ ಅವರು ಬೇಡ ಅಂದರೂ ಕೊಡು. ಹೇಳಿದ ಹೊತ್ತಿಗೆ ಹೋಗು. ಅವರು ಹತ್ತು ವರ್ಷದ ಹುಡುಗನಿಗೆ ಹೇಳಿದ್ದನ್ನೇ ನಿನಗೂ ಹೇಳಿದರೆ ಕಿವಿಗೊಡು. ನಮ್ಮ ಮೇಷ್ಟ್ರ ಬಳಿ ಹೈಸ್ಕೂಲು ಹುಡುಗರೂ ಬರುತ್ತಾರೆ, ಅವರ ಪಕ್ಕದಲ್ಲೇ ಚಾಪೆಯ ಮೇಲೆ ನನ್ನ ಹಲಗೆ. ಆ ಹುಡುಗರು ನನ್ನ ಹಾಳೆ ನೋಡಿ ಹೇಳುವ ಮಾತು ಎಷ್ಟೋ ಸಲ ಮೇಷ್ಟ್ರ ಮಾತಿನಷ್ಟೇ ಖಚಿತವಾಗಿರುತ್ತೆ.

ಎಲ್ಲ ಡ್ರಾಯಿಂಗ್ ಮೇಷ್ಟ್ರೂ ಈ ಕೆಲಸಕ್ಕೆ ಆಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿನ್ನ ಕೈಯಿಂದ ಬ್ರಷ್ಷು ತೆಗೆದುಕೊಂಡು ನಿನ್ನ ಹಾಳೆಯ ಮೇಲೆ ತಾವೇ ತಿದ್ದುವವರು ಬೇಡ. ಚಿತ್ರ ಚೆಂದವಾಗುತ್ತೆ, ನೀನು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲೂಬಹುದು, ಆದರೆ ಮಾರನೆಯ ದಿನ ಖಾಲಿ ಹಾಳೆ ಮುಂದೆ ಮತ್ತೆ ಅದೇ ಭಯ. ನಮ್ಮ ಮೇಷ್ಟ್ರು ಏನಾದರೂ ತೋರಿಸಬೇಕಾದರೆ ಒಂದು ತುಂಡು ಹಾಳೆಯ ಮೇಲೆ ತೋರಿಸಿ ಅದನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ನನ್ನ ಹಾಳೆಯನ್ನು ಮುಟ್ಟಿದವರಲ್ಲ. ಕ್ಯಾಲೆಂಡರಿನ ಚಿತ್ರ, ಮೊಬೈಲಿನ ಫೋಟೋ ಕೊಟ್ಟು ಹಾಗೇ ಇಳಿಸು ಅನ್ನುವವರ ಹತ್ತಿರ ಬಹಳ ದಿನ ಇರಬೇಡ. ಎದ್ದು ಹೊರಗೆ ಹೋಗಿ ಹೊಳೆ ನೋಡು, ಮರ ನೋಡು ಅನ್ನುವವರು ಸಿಕ್ಕರೆ ಬಿಡಬೇಡ. ಕೆಟ್ಟ ಹಾಳೆಯನ್ನೂ ತಾ ಅನ್ನುವವರು ಸಿಕ್ಕರಂತೂ ಅದು ಪುಣ್ಯ.

ಇನ್ನು ಕೆಲಸದ ಮಾತು. ಹೂವು, ದೇವರು, ಮುಖ ಯಾವುದೂ ಬೇಡ. ಮೊದಲು ಆಕಾಶ ಬರೆ. ಹಲಗೆಯ ಮೇಲೆ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸು. ಹಲಗೆಯ ಮೇಲ್ತುದಿಗೆ ಒಂದು ದಪ್ಪ ಪುಸ್ತಕ ಕೊಟ್ಟು ಇಳಿಜಾರು ಮಾಡು. ಬಟ್ಟಲಲ್ಲಿ ನೀಲಿಯನ್ನು ನೀರಿಗೆ ಕಲಸಿಕೋ, ಸಾಕು ಅನ್ನಿಸಿದ್ದಕ್ಕಿಂತ ದುಪ್ಪಟ್ಟು ಕಲಸಿಕೋ. ನಡುವೆ ಮುಗಿದರೆ ಮತ್ತೆ ಅದೇ ಬಣ್ಣ ಕಲಸುವಷ್ಟರಲ್ಲಿ ಹಾಳೆ ಒಣಗಿಬಿಡುತ್ತೆ. ದೊಡ್ಡ ಬ್ರಷ್ಷನ್ನು ತುಂಬಿಸಿಕೊಂಡು ಎಡದಿಂದ ಬಲಕ್ಕೆ ಒಂದೇ ಎಳೆ ಎಳೆ. ಎಳೆಯ ಕೆಳಗಿನ ಅಂಚಿನಲ್ಲಿ ನೀರು ಸಾಲಾಗಿ ನಿಂತಿರುತ್ತೆ ನೋಡು, ಅದು ನಿನ್ನ ಬಂಡವಾಳ. ಮುಂದಿನ ಎಳೆ ಆ ನಿಂತ ನೀರನ್ನು ಮುಟ್ಟಿ ಕೆಳಗೆ ಕರೆದುಕೊಂಡು ಹೋಗಬೇಕು. ಒಂದೊಂದು ಎಳೆಗೂ ಬಣ್ಣ ಕಡಿಮೆ, ನೀರು ಜಾಸ್ತಿ. ಕೊನೆಗೆ ಉಳಿದ ನೀರನ್ನು ಹಿಂಡಿದ ಬ್ರಷ್ಷಿನಿಂದ ಮೆಲ್ಲಗೆ ಎತ್ತಿಕೋ. ಮೇಲೆ ಗಾಢ ನೀಲಿ, ಕೆಳಗೆ ಬರುತ್ತಾ ಬರುತ್ತಾ ಬಿಳಿ.

ಅಷ್ಟಾದ ಮೇಲೆ ಕೈ ಕಟ್ಟಿ ಕೂತುಕೋ. ಕಷ್ಟ ಇರುವುದು ಇಲ್ಲೇ. ಎಲ್ಲೋ ಒಂದು ಕಡೆ ಸ್ವಲ್ಪ ಹೆಚ್ಚು ಕಡಿಮೆ ಕಾಣುತ್ತೆ, ಸರಿಮಾಡೋಣ ಅನ್ನಿಸುತ್ತೆ. ಕಾವಲಿಯ ಮೇಲೆ ಹುಯ್ದ ದೋಸೆ ಅರ್ಧ ಬೆಂದ ಮೇಲೆ ಮತ್ತೆ ಸೌಟಿನಿಂದ ಸವರಿದರೆ ಏನಾಗುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ. ಅರ್ಧ ಒಣಗಿದ ಬಣ್ಣದ ಮೇಲೆ ಹೊಸ ನೀರು ಬಿದ್ದರೆ ಅದು ಅಲ್ಲಿದ್ದ ಬಣ್ಣವನ್ನು ಹೊರಕ್ಕೆ ತಳ್ಳಿ ಅಂಚುಗಟ್ಟುತ್ತೆ. ಒಂದೋ ಪೂರ್ತಿ ಒದ್ದೆ ಇರುವಾಗ ಕೈ ಹಾಕಬೇಕು, ಇಲ್ಲವೇ ಪೂರ್ತಿ ಒಣಗುವ ತನಕ ಕಾಯಬೇಕು. ನಡುವಿನ ಹೊತ್ತು ಹಾಳೆಯದು. ಒಣಗಿದ ಮೇಲೆ ಬಣ್ಣ ಒಂದು ಪಾಲು ತಿಳಿಯಾಗುತ್ತೆ ಅನ್ನುವುದನ್ನೂ ಲೆಕ್ಕದಲ್ಲಿಟ್ಟುಕೊಂಡು ಮೊದಲೇ ಸ್ವಲ್ಪ ಗಾಢವಾಗಿ ಕಲಸಿಕೊಂಡಿರಬೇಕು. ನಮ್ಮ ಕಡೆ ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹಾಳೆ ಎಲ್ಲಿ ಒಣಗೀತು. ಮೇಷ್ಟ್ರು ಮಳೆಗಾಲದಲ್ಲಿ ಬೇಕಂತಲೇ ಒದ್ದೆಯ ಮೇಲೆ ಒದ್ದೆ ಹಾಕುವ ಪಾಠ ಇಟ್ಟುಕೊಳ್ಳುತ್ತಾರೆ, ಮೋಡ, ಮಂಜು, ದೂರದ ಗುಡ್ಡ. ಗೆರೆಯ ಕೆಲಸ, ದೇವಸ್ಥಾನ, ಮನೆ, ಇವೆಲ್ಲ ಫೆಬ್ರವರಿ ಮಾರ್ಚಿಗೆ.

ಮೋಡದ ಬಣ್ಣಕ್ಕೆ ಅಂಗಡಿಯಲ್ಲಿ ಬೂದು ಬಣ್ಣದ ಟ್ಯೂಬು ಕೊಳ್ಳಬೇಡ. ಕಪ್ಪಂತೂ ಬೇಡವೇ ಬೇಡ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನ ಅನ್ನುವ ಕಂದು, ಈ ಎರಡನ್ನು ಬೆರೆಸು. ನೀಲಿ ಹೆಚ್ಚಾದರೆ ಮಳೆ ಬರುವ ಮುಂಚಿನ ಮೋಡ, ಕಂದು ಹೆಚ್ಚಾದರೆ ಮಳೆ ನಿಂತ ಮೇಲಿನ ಒದ್ದೆ ಕಲ್ಲು. ಎರಡೂ ಸಮ ಬಿದ್ದರೆ ಸಕ್ರೆಬೈಲಿನ ಬಿಡಾರದಲ್ಲಿ ಬೆಳಿಗ್ಗೆ ಸ್ನಾನ ಮಾಡಿಸಿಕೊಂಡು ನೀರಿನಿಂದ ಎದ್ದು ಬರುವ ಆನೆಯ ಮೈ. ಹಾಳೆಯ ತರಿಯಲ್ಲಿ ನೀಲಿಯ ಕಣಗಳು ತಂಗಿ ಕೂರುತ್ತವೆ, ಕಂದು ಸುತ್ತ ಹರಡುತ್ತೆ. ಹತ್ತಿರದಿಂದ ನೋಡಿದರೆ ಎರಡೂ ಬೇರೆ ಬೇರೆ ಕಾಣುತ್ತವೆ, ಒಂದು ಮಾರು ದೂರ ನಿಂತರೆ ಒಂದೇ ಬೂದು.

ಆ ಕಂದಿನ ಬಗ್ಗೆ ನಿನಗೆ ಒಂದು ಹೇಳಲೇಬೇಕು, ಯಾಕೆಂದರೆ ನಾವಿಬ್ಬರೂ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಬರ್ನ್ಟ್ ಸಿಯೆನ್ನಕ್ಕೆ ಆ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ಕಬ್ಬಿಣವಿರುವ ಹಳದಿ ಮಣ್ಣನ್ನು ಸುಟ್ಟರೆ ಅದು ಕೆಂಪುಗಂದಾಗುತ್ತೆ. ಕೆಮ್ಮಣ್ಣುಗುಂಡಿಯ ಮಣ್ಣನ್ನು ಕೆಂಪಗೆ ಮಾಡಿದ್ದೂ ಅದೇ ಕಬ್ಬಿಣ. ಆ ಗುಡ್ಡದ ಅದಿರನ್ನು ತಂದು ಕರಗಿಸಲು 1923ರಲ್ಲಿ ನಮ್ಮೂರಲ್ಲಿ ಕುಲುಮೆ ಹೊತ್ತಿದ್ದು, ವಿಶ್ವೇಶ್ವರಯ್ಯನವರು ಅದರ ಹಿಂದೆ ನಿಂತದ್ದು, ನಮ್ಮ ಅಪ್ಪಂದಿರು ಅಂಗಿಯ ಮೇಲೆ ಆ ಧೂಳು ಹೊತ್ತು ಮನೆಗೆ ಬಂದದ್ದು ಎಲ್ಲ ನಮಗೆ ಗೊತ್ತು. ಮೇಷ್ಟ್ರು ಈ ಬಣ್ಣದ ಗುಟ್ಟು ಹೇಳಿದ ದಿನದಿಂದ ಆ ಟ್ಯೂಬಿನ ಮುಚ್ಚಳ ತೆಗೆದಾಗಲೆಲ್ಲ ನನಗೆ ಅಪ್ಪನ ನೆನಪು. ಕಾರ್ಖಾನೆಯ ಹಳೆಯ ತಗಡಿನ ಮಾಡು, ತುಕ್ಕು ಹಿಡಿದ ಕೊಳವೆ, ಚಿಮಣಿ, ಇವನ್ನು ಬರೆಯಲು ಬೇರೆ ಬಣ್ಣವೇ ಬೇಡ. ಚಂದದ ಜಾಗ ಹುಡುಕಿಕೊಂಡು ಜೋಗಕ್ಕೇ ಹೋಗಬೇಕು ಅನ್ನುವ ಮಾತನ್ನು ತಲೆಯಿಂದ ತೆಗೆದುಹಾಕು. ಬಾಳಿದ ಜಾಗವನ್ನು ಬರೆಯುವಾಗ ಕೈಗೆ ಬರುವ ಧೈರ್ಯ ಬೇರೆ ಎಲ್ಲೂ ಬರುವುದಿಲ್ಲ.

ಹಾಳೆಯ ವಿಷಯದಲ್ಲಿ ಕಂಜೂಸಿ ಬೇಡ. ಬ್ರಷ್ಷು, ಬಣ್ಣ ಸಾಧಾರಣದ್ದೇ ಇರಲಿ, ಕ್ಯಾಮೆಲ್ ಟ್ಯೂಬು ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುತ್ತೆ, ಆರು ಬಣ್ಣ ಸಾಕು. ಹಾಳೆ ಮಾತ್ರ ಹತ್ತಿಯದ್ದು, 300 ಜಿಎಸ್‌ಎಂ ದಪ್ಪದ್ದು ಇರಬೇಕು. ಪೇಪರ್ ಟೌನಿನ ನಾವು ಕಾಗದದ ಮಧ್ಯೆಯೇ ಇದ್ದವರು. 1930ರ ದಶಕದಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ನಮ್ಮ ಊರಿಗೆ ಅನ್ನ ಕೊಟ್ಟಿತು, ಅದರ ನ್ಯೂಸ್‌ಪ್ರಿಂಟಿನ ಮೇಲೆ ಬೆಳಗಿನ ಪತ್ರಿಕೆ ಓದಿದೆವು. 2015ರ ಕೊನೆಗೆ ಉತ್ಪಾದನೆ ನಿಂತಾಗ ಊರಿಗೆ ಊರೇ ಮಂಕಾದದ್ದು ನೀನೂ ಕಂಡಿದ್ದೀಯ. ಆದರೆ ಆ ಕಾಗದ ಮರದ ತಿರುಳಿನದು, ಓದಲು ಬರೆಯಲು ಆದದ್ದು. ನೀರು ಬಿದ್ದರೆ ಉಬ್ಬುತ್ತೆ, ದಿನ ಕಳೆದರೆ ಹಳದಿ ತಿರುಗುತ್ತೆ. ಹತ್ತಿಯ ಹಾಳೆ ನೀರು ಕುಡಿದು ಮತ್ತೆ ಸಮ ಕೂರುತ್ತೆ, ಒಂದರ ಮೇಲೊಂದು ಹಲವು ಪದರ ತಡೆಯುತ್ತೆ. ಅಗ್ಗದ ಡ್ರಾಯಿಂಗ್ ಶೀಟಿನ ಮೇಲೆ ಸೋತವರು ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡುಬಿಡುತ್ತಾರೆ, ನೋಡಿದರೆ ತಪ್ಪು ಹಾಳೆಯದು. 22 ಇಂಚು 30 ಇಂಚಿನ ಪೂರ್ತಿ ಹಾಳೆ ಕೊಂಡು ನಾಲ್ಕು ತುಂಡು ಮಾಡಿಕೋ, ಎರಡೂ ಬದಿ ಬಳಸು. ಖರ್ಚು ಹಿಡಿತದಲ್ಲಿರುತ್ತೆ. ಮಳೆಗಾಲದಲ್ಲಿ ಖಾಲಿ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ ಇಡು. ತೇವ ಹಿಡಿದರೆ ಹಾಳೆಗೆ ಹಾಕಿರುವ ಅಂಟಿನ ಲೇಪ ಕೆಟ್ಟು, ಬಣ್ಣ ಹಾಕಿದ ಕಡೆ ಹೀರಿಕೊಂಡು ಚುಕ್ಕೆ ಚುಕ್ಕೆಯಾಗುತ್ತೆ.

ಬರೆಯಲು ಎಲ್ಲಿಗೆ ಹೋಗಬೇಕು ಅಂತ ನೀನು ಕೇಳಿದ್ದೆ. ಮೊದಲು ತುಂಗೆಯ ದಡಕ್ಕೆ. ಶಿವಮೊಗ್ಗದ ಹೊಳೆಯ ನಡುವೆ ಕೋರ್ಪಲಯ್ಯನ ಮಂಟಪ ಇದೆಯಲ್ಲ, ಮಳೆಗಾಲದಲ್ಲಿ ಅದು ಎಷ್ಟು ಮುಳುಗಿದೆ ಅಂತ ನೋಡಿಯೇ ಊರಿನವರು ಹೊಳೆಯ ಅಳತೆ ಹೇಳುವುದು. ಬೇಸಿಗೆಯಲ್ಲಿ ಬಂಡೆಗಳ ಮಧ್ಯೆ ನಿಂತ ಮಂಟಪ, ಆಗಸ್ಟಿನಲ್ಲಿ ಕೆನ್ನೀರಿನಲ್ಲಿ ಕುತ್ತಿಗೆಯವರೆಗೆ ನಿಂತ ಅದೇ ಮಂಟಪ, ವರ್ಷವಿಡೀ ಒಂದೇ ಜಾಗದಲ್ಲಿ ಕೂತು ಬರೆದರೂ ಎರಡು ಹಾಳೆ ಒಂದೇ ಆಗುವುದಿಲ್ಲ. ನಮ್ಮ ಓಲ್ಡ್ ಟೌನಿನ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಇಷ್ಟು ವರ್ಷ ಕಣ್ಣು ಮುಚ್ಚಿ ಕೈ ಮುಗಿಯಲು ಹೋಗಿದ್ದೇವೆ. ಇನ್ನು ಕಣ್ಣು ಬಿಟ್ಟುಕೊಂಡು ಹೋಗೋಣ. ಮೂರು ಗರ್ಭಗುಡಿಯ ಹೊಯ್ಸಳರ ಗುಡಿ, ಜಗಲಿಯ ಮೂಲೆ ಮೂಲೆ ಮಡಚಿ ಮಡಚಿ ಹೋಗುತ್ತೆ, ಬಿಸಿಲು ಒಂದೊಂದು ಮಡಿಕೆಯಲ್ಲೂ ಒಂದೊಂದು ತರಹದ ನೆರಳು ಬೀಳಿಸುತ್ತೆ. ಇಡೀ ಗುಡಿ ಬರೆಯಲು ಹೋಗಬೇಡ, ಒಂದು ಮೂಲೆ ಹಿಡಿ. ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವ ಕಡೆ ಮರಳ ಮೇಲೆ ಕೂರಲು ಜಾಗ ಚೆನ್ನಾಗಿದೆ, ಛತ್ರಿ ಮರೆಯಬೇಡ.

ಮಂಡಗದ್ದೆಗೆ ಮಾತ್ರ ಮೇಷ್ಟ್ರು ಹೇಳಿದಾಗ ಹೋಗು, ಆತುರ ಬೇಡ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ. ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚುವ ಪದ್ಧತಿ ಇಲ್ಲ, ಹಾಳೆಯೇ ಬಿಳಿ. ಅಂದರೆ ಹಕ್ಕಿಯನ್ನು ಬರೆಯುವ ಹಾಗಿಲ್ಲ, ಹಕ್ಕಿಯ ಸುತ್ತ ಇರುವ ಹಸಿರನ್ನು ಬರೆಯಬೇಕು. ಹಕ್ಕಿಗೆ ಜಾಗ ಬಿಟ್ಟು ಬಿಟ್ಟು ಹಸಿರು ತುಂಬಬೇಕು. ಅಲ್ಲಿ ಕೂತಾಗ ಮೇಷ್ಟ್ರು ನನಗೆ ಪೆನ್ಸಿಲ್ ಮುಟ್ಟಲು ಬಿಡಲಿಲ್ಲ. "ಅಮ್ಮಾ, ಬಿಡಬೇಕಾದ್ದನ್ನು ಮೊದಲು ಕಣ್ಣಲ್ಲಿ ಎಣಿಸಿಕೊಳ್ಳಿ" ಅಂದರು. ಹಾಗೆ ಎಣಿಸುತ್ತಾ ಕೂತಾಗ ಹಕ್ಕಿಗಳು ಮರದ ಮೇಲ್ಗಡೆ ಗುಂಪಾಗಿ, ಕೆಳಗಡೆ ಬಿಡಿಬಿಡಿಯಾಗಿ ಕೂತಿರುವುದು ಕಣ್ಣಿಗೆ ಬಿತ್ತು. ಆ ರಸ್ತೆಯಲ್ಲಿ ತೀರ್ಥಹಳ್ಳಿಗೆ ಎಷ್ಟು ಸಲ ಓಡಾಡಿದ್ದೇವೆ, ಯಾರು ನೋಡಿದ್ದೆವು?

ಹೊಳೆಯ ದಡದಲ್ಲಿ ಹೆಂಗಸೊಬ್ಬಳು ಹಲಗೆ ಇಟ್ಟುಕೊಂಡು ಕೂತರೆ ಜನ ಸೇರುತ್ತಾರೆ. ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಶಾಲೆ ಬಿಟ್ಟ ಹುಡುಗರು. "ಏನಜ್ಜಿ ಬರೀತಿದೀರಾ?" "ಎಷ್ಟಕ್ಕೆ ಮಾರ್ತೀರಾ?" ಅಂತ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಕೇಳುವವರು ಯಾರೂ ಇಲ್ಲ. ಆದರೂ ಮೊದಮೊದಲು ಕುತ್ತಿಗೆಯ ಹಿಂದೆ ಅಷ್ಟು ಕಣ್ಣುಗಳಿದ್ದರೆ ಕೈ ಬಿಗಿಯುತ್ತೆ. ಅದಕ್ಕೇ ಮೊದಮೊದಲು ಒಬ್ಬಳೇ ಹೋಗಬೇಡ. ಮೇಷ್ಟ್ರು ತಮ್ಮ ಹಲಗೆ ಹಿಡಿದು ನನ್ನಿಂದ ಹತ್ತು ಹೆಜ್ಜೆ ಆಚೆ ಕೂರುತ್ತಿದ್ದರು. ಗುಂಪೆಲ್ಲ ಅವರ ಕಡೆ ಹೋಗುತ್ತಿತ್ತು, ನಾನು ನಿಶ್ಚಿಂತೆಯಾಗಿ ಬರೆಯುತ್ತಿದ್ದೆ. ಅವರು ಅದನ್ನು ಬೇಕಂತಲೇ ಮಾಡುತ್ತಿದ್ದರು ಅಂತ ನನಗೆ ಗೊತ್ತು. ಕಲಿಸುವುದು ಅಂದರೆ ಇದೂ ಸೇರಿಯೇ.

ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವರ್ಷ ಯಾವ ಚಿತ್ರವನ್ನೂ ಹಾಕಬೇಡ. ನಾನು ಕಟ್ಟುನಿಟ್ಟಾಗಿ ಹೇಳುವ ಮಾತು ಇದೊಂದೇ. ಅವರು ಪ್ರೀತಿಯಿಂದಲೇ "ಸೂಪರ್ ಅತ್ತೆ" ಅನ್ನುತ್ತಾರೆ, ಹೂವಿನ ಗುರುತು ಕಳಿಸುತ್ತಾರೆ. ಆ ಪ್ರೀತಿ ನಿನ್ನ ಮೇಲಿನದು, ಹಾಳೆಯನ್ನು ಅವರು ನೋಡಿರುವುದಿಲ್ಲ. ಸ್ವಲ್ಪ ದಿನದಲ್ಲೇ ನೀನು ಅವರಿಗೆ ಹಿಡಿಸುವಂಥದ್ದನ್ನೇ ಬರೆಯಲು ಶುರು ಮಾಡುತ್ತೀಯ, ಕಮಲ, ನವಿಲು, ಸೂರ್ಯಾಸ್ತ. ಮೇಷ್ಟ್ರಿಗೆ ತೋರಿಸು, ಜೊತೆಗೆ ಕಲಿಯುವವರಿಗೆ ತೋರಿಸು. ಅಷ್ಟು ಸಾಕು.

ಮೈಯ ಮಾತನ್ನೂ ಆಡಬೇಕು. ಕಣ್ಣಿನ ಪೊರೆ ಬೆಳೆಯುತ್ತಿದ್ದರೆ ಲೋಕವೆಲ್ಲ ಹಳದಿಗೆ ತಿರುಗುತ್ತೆ, ನೀಲಿ ಮಂಕಾಗುತ್ತೆ. ಅದು ನಿಧಾನವಾಗಿ ಆಗುವುದರಿಂದ ನಮಗೇ ಗೊತ್ತಾಗುವುದಿಲ್ಲ. ಫ್ರಾನ್ಸಿನ ಮೋನೆ ಎಂಬ ದೊಡ್ಡ ಚಿತ್ರಕಾರ 1923ರಲ್ಲಿ, ಎಂಬತ್ತು ದಾಟಿದ ಮೇಲೆ, ಪೊರೆ ತೆಗೆಸಿಕೊಂಡವರು. ಅದಕ್ಕೆ ಮುಂಚಿನ ವರ್ಷಗಳ ಅವರ ಚಿತ್ರಗಳಲ್ಲಿ ಕೆಂಪು, ಕಂದು ತುಂಬಿವೆ. ನಿನ್ನ ನೀಲಿ ಯಾಕೋ ಸಾಲದು ಅಂತ ಮೇಷ್ಟ್ರು ಮತ್ತೆ ಮತ್ತೆ ಹೇಳಿದರೆ ಬಣ್ಣ ಬದಲಿಸುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗು. ಕೈ ನಡುಗುತ್ತೆ ಅಂದರೆ ಸಣ್ಣ ಬ್ರಷ್ಷು ಬಿಟ್ಟು ದೊಡ್ಡದು ಹಿಡಿ, ಹಿಡಿಕೆಯ ತುದಿಯ ಕಡೆ ಹಿಡಿ, ಮಣಿಕಟ್ಟಿನ ಬದಲು ಭುಜದಿಂದ ಎಳೆ. ನಡುಗುವ ಕೈಯಿಂದ ಬಿದ್ದ ಮರದ ಗೆರೆ ಎಷ್ಟೋ ಸಲ ಸ್ಕೇಲು ಹಿಡಿದು ಎಳೆದದ್ದಕ್ಕಿಂತ ಮರದ ಹಾಗೆ ಇರುತ್ತೆ. ನೆಲದ ಮೇಲೆ ಕೂರಲು ಮಂಡಿ ನೋವಿದ್ದರೆ ಮೇಜು, ಕುರ್ಚಿ ಹಾಕಿಕೋ, ಅದರಲ್ಲಿ ಸಂಕೋಚ ಏನಿದೆ.

ಭಾನುವಾರ ಬೆಳಿಗ್ಗೆ ಒಟ್ಟಿಗೇ ಶಿವಮೊಗ್ಗದ ಬಸ್ಸು ಹಿಡಿಯೋಣ. ಮೇಷ್ಟ್ರಿಗೆ ಹೇಳಿದ್ದೇನೆ, ತಂಗಿಯೊಬ್ಬಳನ್ನು ಕರೆದುಕೊಂಡು ಬರುತ್ತೇನೆ ಅಂತ. ಹಳೆಯ ಕಾಟನ್ ಸೀರೆಯ ತುಂಡು, ನೀರಿಗೆ ಎರಡು ಅಗಲ ಬಾಯಿಯ ಡಬ್ಬಿ, ಅದರಲ್ಲೊಂದು ಬ್ರಷ್ಷು ತೊಳೆಯಲು, ಇನ್ನೊಂದು ಶುದ್ಧ ನೀರಿಗೆ. ಇಷ್ಟು ತಾ, ಹಾಳೆ ನನ್ನ ಹತ್ತಿರ ಇದೆ. ಬರೆದ ಪ್ರತಿ ಹಾಳೆಯ ಅಂಚಿನಲ್ಲಿ ತಾರೀಕು, ಜಾಗ, ಅವತ್ತಿನ ಹವೆ ಪೆನ್ಸಿಲ್ಲಿನಲ್ಲಿ ಬರೆದಿಡು. ಯಾವುದನ್ನೂ ಹರಿದು ಹಾಕಬೇಡ. ಮೇಷ್ಟ್ರು ವರ್ಷಕ್ಕೊಮ್ಮೆ ಎಲ್ಲ ಹಾಳೆಗಳನ್ನೂ ತರಿಸಿ ನೆಲದ ಮೇಲೆ ಸಾಲಾಗಿ ಹರಡುತ್ತಾರೆ, ತಾರೀಕು ನೋಡುತ್ತಾ ಹೋಗುತ್ತಾರೆ, ನಡುವೆ ಒಂದು ತಿಂಗಳು ಕಾಣದಿದ್ದರೆ ಎಲ್ಲಿ ಅಂತ ಕೇಳುತ್ತಾರೆ.